ಲೇಸರ್ ಬೋರ್ಡಿನ ಹಿಂದಿನ ಕತೆ

‘ಲೇಸರ್ ಚಿಕಿತ್ಸೆ ಲಭ್ಯ’ ಎಂಬ ಬೋರ್ಡು ಈಗ ಸಣ್ಣ ಊರಿನ ಡೆಂಟಲ್ ಕ್ಲಿನಿಕ್‌ಗಳ ಮುಂದೂ ಕಾಣಸಿಗುತ್ತದೆ. ಆ ಎರಡು ಮೂರು ಪದಗಳಡಿ ಕೊಯ್ಯುವ ಬೆಳಕೂ ಇದೆ, ಮಾಯಿಸುವ ಬೆಳಕೂ ಇದೆ. ಎರಡರ ಜಾತಕವೂ ಬೇರೆ ಬೇರೆ.

ಅಮೆರಿಕದ ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. ಐದು ವರ್ಷದೊಳಗೆ ಅದು ಹಲ್ಲಿನ ಮೇಲೂ ಬಿತ್ತು. ಚರ್ಮರೋಗ ತಜ್ಞ ಲಿಯೋನ್ ಗೋಲ್ಡ್‌ಮನ್ 1965ರಲ್ಲಿ ಜೀವಂತ ಹಲ್ಲಿಗೇ ಲೇಸರ್ ಬಿಟ್ಟರು. ಹಲ್ಲು ಒಡ್ಡಿದ್ದು ಅವರ ಸ್ವಂತ ಸಹೋದರ, ಅವರೂ ದಂತವೈದ್ಯರೇ! ನೋವಾಗಲಿಲ್ಲವಂತೆ. ಆದರೆ ಆ ಕಾವಿಗೆ ಹಲ್ಲಿನೊಳಗಿನ ತಿರುಳು ಸಾಯುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬಯಲಾಯಿತು. ಹಲ್ಲು ಕೊರೆಯುವ ಎರ್ಬಿಯಮ್ ಲೇಸರಿಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡುವಷ್ಟರಲ್ಲಿ 1997 ಬಂದಿತ್ತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ಬೆಳಕು. 1960ರ ದಶಕದಲ್ಲಿ ಹಂಗೇರಿಯ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ ಲೇಸರಿನಿಂದ ಗೆಡ್ಡೆ ಕರಗಿಸಲು ಹೊರಟಿದ್ದರು. ಕೈಲಿದ್ದ ಲೇಸರ್ ತೀರಾ ದುರ್ಬಲ. ಗೆಡ್ಡೆ ಕರಗಲಿಲ್ಲ. ಆದರೆ ಬೆಳಕು ಬಿದ್ದ ಇಲಿಗಳ ಬೋಳಿಸಿದ ಚರ್ಮದಲ್ಲಿ ಕೂದಲು ಬೇಗ ಚಿಗುರಿತು. ಮುಂದೆ ಅವರು ಅದೇ ಮಂದ ಬೆಳಕನ್ನು ಮಾಯದ ಹುಣ್ಣುಗಳ ಮೇಲೆ ಪ್ರಯೋಗಿಸಿದರು. ಕೆಂಪು ಬೆಳಕನ್ನು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಹೀರಿಕೊಂಡು ಚುರುಕಾಗುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ಈ ಮಂದ ಬೆಳಕು ಗಟ್ಟಿಯಾಗಿ ನೆಲೆಯೂರಿದ್ದು ಹಲ್ಲಿನಲ್ಲಲ್ಲ, ಬಾಯಿಯ ಒಳಪದರದಲ್ಲಿ. ಬಾಯಿ, ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಳ್ಳುವವರ ಬಾಯೊಳಗೆ ಹುಣ್ಣೇಳುತ್ತದೆ. ಗಂಜಿ ನುಂಗಲೂ ಆಗುವುದಿಲ್ಲ. ಕೆಲವರಿಗೆ ಚಿಕಿತ್ಸೆಯನ್ನೇ ನಡುವೆ ನಿಲ್ಲಿಸಬೇಕಾಗುತ್ತದೆ. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾದ ನಮ್ಮ ನಾಡಿಗೆ ಇದು ದೂರದ ಮಾತಲ್ಲ. ಈ ಹುಣ್ಣಿನ ಬಗ್ಗೆ ನಮ್ಮ ಮಣಿಪಾಲದಲ್ಲೇ ಅಧ್ಯಯನ ನಡೆದು 2012ರಲ್ಲಿ ಪ್ರಕಟವಾಯಿತು. 221 ರೋಗಿಗಳು; ಅರ್ಧದಷ್ಟು ಜನರಿಗೆ ರೇಡಿಯೇಷನ್‌ಗೆ ಮುಂಚೆ 632.8 ನ್ಯಾನೋಮೀಟರ್ ತರಂಗಾಂತರದ ಕೆಂಪು ಹೀಲಿಯಂ-ನಿಯಾನ್ ಲೇಸರ್, ಉಳಿದವರಿಗೆ ಬರೀ ಹಿಡಿದಂತೆ ಮಾಡುವ ನಾಟಕ. ಯಾರಿಗೆ ಯಾವುದೆಂದು ರೋಗಿಗೂ ತಿಳಿದಿರಲಿಲ್ಲ. ಬೆಳಕು ಪಡೆದವರಲ್ಲಿ ತೀವ್ರ ಹುಣ್ಣೂ ಕಮ್ಮಿ, ನೋವೂ ಕಮ್ಮಿ, ಮಾರ್ಫಿನ್ ಜಾತಿಯ ಔಷಧದ ಬಳಕೆಯೂ ಕಮ್ಮಿ. ಚಿಕಿತ್ಸೆಗಳನ್ನು ತೂಗಿ ನೋಡಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಈ ಚಿಕಿತ್ಸೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಈಗ ಅಂತರರಾಷ್ಟ್ರೀಯ ಕ್ಯಾನ್ಸರ್ ಮಾರ್ಗಸೂಚಿಗಳಲ್ಲೂ ಇದಕ್ಕೆ ಜಾಗವಿದೆ.

ಹಾಗಂತ ಬೆಳಕೆಲ್ಲ ಔಷಧವಲ್ಲ. ಫಿಲ್ಲಿಂಗ್ ಮಾಡಿದ ಮೇಲೆ ಡಾಕ್ಟರು ಹಿಡಿಯುವ ನೀಲಿ ದೀಪ, ಹಲ್ಲಿನ ಕುಳಿಗೆ ತುಂಬಿದ ರೆಸಿನ್ ಎಂಬ ಅಂಟನ್ನು ಗಟ್ಟಿಯಾಗಿಸಲು ಅಷ್ಟೆ. ಹಲ್ಲು ಬೆಳ್ಳಗಾಗಿಸುವ ದೀಪದ ಮಾತು ಬೇರೆ: ಬಿಳುಪು ತರುವುದು ಮುಖ್ಯವಾಗಿ ಅಲ್ಲಿ ಹಚ್ಚುವ ಪೆರಾಕ್ಸೈಡ್ ಜೆಲ್. ದುಡ್ಡು ಮಾತ್ರ ದೀಪದ ಹೆಸರಿನಲ್ಲೂ ಕೊಡಬೇಕು. ಮಂದ ಲೇಸರಿನಲ್ಲೂ ಪ್ರಮಾಣ ತಪ್ಪಿದರೆ ಲಾಭವಿಲ್ಲ. ಅತಿಯಾದರೆ ಉಪಕಾರವೇ ಅಳಿಸಿಹೋಗುತ್ತದೆ. ಆದ್ದರಿಂದ ಬೋರ್ಡು ನೋಡಿ ಒಳಹೋದವರು ಎಷ್ಟು ನ್ಯಾನೋಮೀಟರ್, ಎಷ್ಟು ಜೂಲ್ (ಬೆಳಕಿನ ಶಕ್ತಿಯ ಅಳತೆ), ಯಾವ ಕಾಯಿಲೆಗೆ ಎಂದು ಡಾಕ್ಟರನ್ನು ಧಾರಾಳವಾಗಿ ಕೇಳಬಹುದು.