ತಿರುವಿನ ಬೇಲಿ: ಟೇಪು ಎಲ್ಲಿಂದ ಹಿಡಿಯಬೇಕು?

ಬೇಲೂರು ಕಡೆಯ ಒಂದು ತಿರುವಿನಲ್ಲಿ ಲಂಟಾನ, ಲಕ್ಕಿ ಗಿಡ ಬೆಳೆದು ರಸ್ತೆಗೇ ಬಾಗಿವೆ. ಎದುರಿನ ಬಸ್ಸು ಮೈಮೇಲೆ ಬಂದಾಗಲೇ ಕಾಣುತ್ತದೆ. ಅದೇ ಬೇಲಿಯೊಳಗೆ ಪಿಕಳಾರ ಗೂಡು ಕಟ್ಟುತ್ತದೆ, ಬುಡದಲ್ಲಿ ಕೆಂಬೂತ ಓಡಾಡುತ್ತದೆ. ಜೆಸಿಬಿ ತಂದು ಕಿತ್ತುಬಿಡಿ ಅನ್ನುವವರೇ ಜಾಸ್ತಿ. ಲೆಕ್ಕ ಹಾಕಿ ನಾನೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದೆ.

ನಿಲ್ಲುವ ದೂರ

ಅಡ್ಡಿ ಕಂಡು ಬ್ರೇಕ್ ಒತ್ತುವಷ್ಟರಲ್ಲಿ 2.5 ಸೆಕೆಂಡ್ ಹೋಗುತ್ತದೆ ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ (ರಸ್ತೆ ಕಟ್ಟಲು ಮಾನದಂಡ ಹಾಕುವ ಸಂಸ್ಥೆ) ಹಿಡಿಯುತ್ತದೆ. ಬ್ರೇಕ್ ಹಿಡಿದ ಮೇಲೆ ಓಡುವ ದೂರವೂ ಸೇರಿದರೆ 40 ಕಿ.ಮೀ. ವೇಗಕ್ಕೆ 45 ಮೀಟರ್, 50ಕ್ಕೆ 60 ಮೀಟರ್. ಇದು ಸುಲಭ.

ಎಡವಿದ್ದು ಇಲ್ಲಿ

ಬೇಲಿ ಎಷ್ಟು ಹಿಂದೆ ಸರಿಯಬೇಕು? ನಿಲ್ಲುವ ದೂರದ ವರ್ಗವನ್ನು ತಿರುವಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. (ತಿರುವು ನಿಲ್ಲುವ ದೂರಕ್ಕಿಂತ ಉದ್ದವಿದ್ದರೆ ಮಾತ್ರ.) ತ್ರಿಜ್ಯ 100 ಮೀಟರ್ ಅನ್ನಿ. 45×45 ಅಂದರೆ 2025. ಅದನ್ನು 800ರಿಂದ ಭಾಗಿಸಿದರೆ 2.53 ಮೀಟರ್.

ನಾನು ಡಾಂಬರಿನ ಅಂಚಿನಿಂದ ಟೇಪು ಹಿಡಿದೆ. ತಪ್ಪು! ಚಾಲಕ ಅಂಚಿನ ಮೇಲೆ ಕೂತಿರುವುದಿಲ್ಲ ಅಲ್ವಾ? ಅಳತೆ ಶುರುವಾಗುವುದು ಒಳಬದಿಯ ಲೇನಿನ ನಡುಗೆರೆಯಿಂದ. 7 ಮೀಟರ್ ರಸ್ತೆಯಲ್ಲಿ ಒಂದು ಲೇನು 3.5 ಮೀಟರ್. ನಡುವಿನಿಂದ ಅಂಚಿಗೆ 1.75. ಕಳೆದರೆ ಅಂಚಿನಾಚೆ ಉಳಿಯುವುದು 0.78 ಮೀಟರ್, ಅಂದರೆ ಎರಡೂವರೆ ಅಡಿ. ಅದೂ ತಿರುವಿನ ಒಳಬದಿಗೆ ಮಾತ್ರ. ಹೊರಬದಿಯ ಬೇಲಿಯನ್ನು ನಾನು ಸುಮ್ನೆ ಬಲಿ ಕೊಡುತ್ತಿದ್ದೆ.

ಈಗ 50 ಕಿ.ಮೀ. ವೇಗ ಹಾಕಿ ನೋಡಿ. 60×60 ಅಂದರೆ 3600. ಅದನ್ನು 800ರಿಂದ ಭಾಗಿಸಿದರೆ 4.5. ಅಂಚಿನಾಚೆ 2.75 ಮೀಟರ್, ಒಂಬತ್ತು ಅಡಿ! ವೇಗ ಹತ್ತು ಏರಿದ್ದಕ್ಕೆ ಆರೂವರೆ ಅಡಿ ಬೇಲಿ ಹೋಯಿತು. ಹಾಗಂತ 40ರ ಬೋರ್ಡು ನೆಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಗಾಡಿಗಳು ನಿಜವಾಗಿ ಓಡುವ ವೇಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಒಂದೇ ಲೇನಿನಲ್ಲಿ ಎರಡೂ ಕಡೆಯಿಂದ ಗಾಡಿ ಬಂದರೆ ಕಾಣಬೇಕಾದ ದೂರ ನಿಲ್ಲುವ ದೂರದ ದುಪ್ಪಟ್ಟು.

ಎತ್ತರ

ಚಾಲಕನ ಕಣ್ಣು 1.2 ಮೀಟರ್, ಎದುರಿನ ಅಡ್ಡಿ 0.15 ಮೀಟರ್ ಎತ್ತರದಲ್ಲಿದೆ ಎಂದು ಹಿಡಿಯುತ್ತಾರೆ. ಮಟ್ಟಸ ನೆಲದಲ್ಲಿ ನೋಟದ ಗೆರೆ ನಡುವೆ ಸುಮಾರು 0.67 ಮೀಟರಿಗೆ ಬರುತ್ತದೆ. ಅಲ್ಲಿ ಮೊಣಕಾಲೆತ್ತರಕ್ಕೆ ಸವರಿದರೆ ಸಾಕು, ಬುಡ ಕೀಳಬೇಕಿಲ್ಲ.

ಯಾವಾಗ?

ಇಂಗ್ಲೆಂಡಿನಲ್ಲಿ ಹೊಲದ ಬೇಲಿಯನ್ನು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕತ್ತರಿಸುವಂತಿಲ್ಲ. ರಸ್ತೆಗೆ ಅಪಾಯವಾದರೆ ವಿನಾಯಿತಿ ಉಂಟು. ಆ ತಾರೀಕನ್ನೇ ಇಲ್ಲಿಗೆ ತಂದರೆ ಕೆಟ್ಟೆವು. ಇಲ್ಲಿ ಕೆಂಬೂತ, ರಾಟವಾಳ ಮಳೆಗಾಲದಲ್ಲೂ ಗೂಡು ಕಟ್ಟುತ್ತವೆ, ಅದು ಸೆಪ್ಟೆಂಬರಿಗೂ ಎಳೆಯುತ್ತದೆ. ಮಳೆ ಮುಗಿದು ಕಾಫಿ ಕೊಯ್ಲಿನ ಲಾರಿಗಳು ಶುರುವಾಗುವ ಮುಂಚೆ, ಅಕ್ಟೋಬರ್ ಕೊನೆಗೆ ಸವರುವುದು ನನಗೆ ಸರಿ ಕಾಣುತ್ತದೆ. ಆಗಲೂ ಮೊದಲು ಕೊಂಬೆ ಸರಿಸಿ ನೋಡಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಿ ‘ಬೇಟೆ’ ಅನ್ನುವುದಕ್ಕೆ ಕಾಡುಹಕ್ಕಿಯ ಗೂಡು ಕೆಡಿಸುವುದೂ ಸೇರುತ್ತದೆ. ಪಿಕಳಾರದ ಮೊಟ್ಟೆ ಕಂಡರೆ ಮರಿ ಹಾರಲು ಒಂದು ತಿಂಗಳು ಸಾಕು. ಅಷ್ಟು ದಿನ ಆ ಪೊದೆ ಬಿಟ್ಟು, ತಿರುವಿಗೆ ಮುಂಚೆ ಒಂದು ಕೆಂಪು ಬಾವುಟ ಕಟ್ಟಿದರಾಯಿತು.