ಮೂರನೇ ಗ್ಯಾಸ್ಕೆಟ್

ಜೂನ್ ಬಂತೆಂದರೆ ಮಲೆನಾಡಿನ ನಮ್ಮಂಥ ಗ್ಯಾರೇಜುಗಳ ಮುಂದೆ ಔಷಧಿ ಹೊಡೆಯುವ ಎಂಜಿನ್‌ಗಳ ಸಾಲು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಮುಗಿದ ಮೇಲೆ ಕೊಟ್ಟಿಗೆ ಮೂಲೆ ಸೇರಿದ್ದಕ್ಕೆ ಮತ್ತೆ ಸ್ಟಾರ್ಟ್ ಮಾಡುವ ಹಗ್ಗ ಎಳೆಯುವುದು ಮುಂದಿನ ಮಳೆಗಾಲಕ್ಕೇ. ಹೋದ ವರ್ಷ ಅಂಥದೊಂದು 163 ಸಿಸಿ ಪೆಟ್ರೋಲ್ ಎಂಜಿನ್ ಜೀಪಿನಲ್ಲಿ ಬಂತು.

"ಎರಡು ಸಲ ಹೆಡ್ ಗ್ಯಾಸ್ಕೆಟ್ ಹಾಕ್ಸಿ ಆಯ್ತು ಮಾರಾಯ್ರೆ. ನಾಲ್ಕು ಬ್ಯಾರಲ್ ಹೊಡೆಯೋದ್ರೊಳಗೆ ಮತ್ತೆ ಪುಸ್ ಪುಸ್."

ಎಂಜಿನ್ ತಂದವರು ಜೇಬಿನಿಂದ ಹಳೇ ಗ್ಯಾಸ್ಕೆಟ್ ಎರಡನ್ನೂ ತೆಗೆದು ಬೆಂಚಿನ ಮೇಲಿಟ್ಟರು. ಸಿಲಿಂಡರಿನ ಬ್ಲಾಕಿಗೂ ಅದರ ಮುಚ್ಚಳವಾದ ಹೆಡ್ಡಿಗೂ ನಡುವೆ ಒತ್ತಡ ಸೋರದಂತೆ ಕೂರುವ ತೆಳು ಹಾಳೆ ಇದು. ಅವನ್ನು ಎಸೆಯದೆ ತಂದದ್ದೇ ಅರ್ಧ ಕೆಲಸ ಮಾಡಿತು. ಎರಡರಲ್ಲೂ ಎಕ್ಸಾಸ್ಟ್ ಪಕ್ಕ, ಒಂದೇ ಜಾಗದಲ್ಲಿ, ಬೆರಳಗಲ ಕರಿ ಗೆರೆ. ಹೊಸ ಗ್ಯಾಸ್ಕೆಟ್ಟೂ ಅದೇ ಜಾಗದಲ್ಲಿ ಸುಟ್ಟಿದೆ ಎಂದರೆ ಹೆಡ್ಡಿನ ಮುಖ ಸಪಾಟಾಗಿಲ್ಲ.

ಆದರೂ ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಹೆಡ್ ಮತ್ತು ಬ್ಲಾಕ್ ಸೇರುವ ಗೆರೆಗೆ ಸಾಬೂನು ನೀರು ಹಚ್ಚಿ ಹಗ್ಗ ಎಳೆದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಗೇಜ್ ಹಾಕಿ ಕಂಪ್ರೆಷನ್, ಅಂದರೆ ಸಿಲಿಂಡರಿನ ಒತ್ತಡ, ನೋಡುವವರು ಒಂದು ವಿಷಯದಲ್ಲಿ ಮೋಸಹೋಗುತ್ತಾರೆ. ಹಗ್ಗ ಹಗುರವಾಗಿ ಬರಲೆಂದು ಈ ಎಂಜಿನ್‌ಗಳ ಕ್ಯಾಮ್‌ಶಾಫ್ಟ್‌ನಲ್ಲಿ ಒಂದು ಡಿಕಂಪ್ರೆಸರ್ ಇರುತ್ತದೆ. ಅದು ವಾಲ್ವನ್ನು ಚೂರು ಎತ್ತಿ ಹಿಡಿಯುವುದರಿಂದ ಒಳ್ಳೆ ಎಂಜಿನ್ನೂ ಕಡಿಮೆಯೇ ತೋರಿಸುತ್ತದೆ. ನಾನು ಎರಡೂ ವಾಲ್ವ್ ಮುಚ್ಚಿರುವ ಹೊಡೆತದಲ್ಲಿ ಪಿಸ್ಟನ್ ಮೇಲೆ ತಂದು, ಫ್ಲೈವೀಲ್ ತಿರುಗದಂತೆ ಹಿಡಿದು, ಪ್ಲಗ್ಗಿನ ತೂತಿನಿಂದ ಗಾಳಿ ಬಿಡುತ್ತೇನೆ. ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನಲ್ಲಿ ಎಂದರೆ ಇನ್‌ಲೆಟ್. ಎಣ್ಣೆ ಹಾಕುವ ಬಾಯಲ್ಲಿ ಬಂದರೆ ಪಿಸ್ಟನ್ನಿನ ರಿಂಗ್ ಸವೆದಿರಬಹುದು, ಅಥವಾ ಗ್ಯಾಸ್ಕೆಟ್ ವಾಲ್ವ್ ತೆರೆಸುವ ಪುಶ್ ರಾಡ್ ಇರುವ ಬದಿಗೆ ಬಿಟ್ಟಿರಬಹುದು. ಆ ಬದಿಗೆ ಬಿಟ್ಟರೆ ಹೊರಗೆ ಗುಳ್ಳೆಯೂ ಇಲ್ಲ, ಶಬ್ದವೂ ಇಲ್ಲ. ಒತ್ತಡವೆಲ್ಲ ತಳದ ಕ್ರ್ಯಾಂಕ್ ಕೇಸಿಗೆ ಇಳಿದು, ಎಣ್ಣೆ ಅಲ್ಲಿನ ಗಾಳಿ ಹೊರಬಿಡುವ ಬ್ರೀದರಿನಿಂದ ಏರ್ ಫಿಲ್ಟರಿಗೆ ಬಂದು ಹೊಗೆ ಕಾರುತ್ತದೆ. ರಿಂಗ್ ಹೋಗಿದೆ ಅಂತ ಸುಮ್ಮನೆ ಖರ್ಚು ಮಾಡಿಸಿಕೊಂಡವರು ಎಷ್ಟೋ ಮಂದಿ.

ನಮ್ಮದರಲ್ಲಿ ಗುಳ್ಳೆ ಎದ್ದದ್ದು ಕರಿ ಗೆರೆಯ ಜಾಗದಲ್ಲೇ. ಫ್ಯಾನಿನ ಕವಚ ತೆಗೆದಾಗ ಕಾರಣವೂ ಸಿಕ್ಕಿತು. ಶಾಖ ಬಿಡುವ ರೆಕ್ಕೆಗಳ, ಅಂದರೆ ಫಿನ್ನುಗಳ, ಸಂದಿಯಲ್ಲಿ ಅಡಿಕೆ ಸಿಪ್ಪೆಯ ನಾರು, ಗೋಣಿಯ ಚೂರು. ಇಲಿ ಗೂಡು ಕಟ್ಟಿದೆ. ಗಾಳಿಯಲ್ಲೇ ತಣ್ಣಗಾಗಬೇಕಾದ ಎಂಜಿನ್‌ಗೆ ಗಾಳಿ ಇಲ್ಲ. ಎಕ್ಸಾಸ್ಟ್ ಬದಿ ಮೊದಲೇ ಬಿಸಿ, ಅಲ್ಯೂಮಿನಿಯಂ ಅಲ್ಲೇ ಬಾಗುತ್ತದೆ.

ಪೂರ್ತಿ ತಣ್ಣಗಾದ ಮೇಲೆ ಬೋಲ್ಟುಗಳನ್ನು ಮೂಲೆಗೆ ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಪುಶ್ ರಾಡ್ ಯಾವುದು ಎಲ್ಲಿಯದು ಎಂದು ಗುರುತು ಮಾಡಿ, ಹೆಡ್ಡನ್ನು ಸರಿ ಜಾಗಕ್ಕೆ ಕೂರಿಸುವ ಎರಡು ಡೋವೆಲ್ ಪಿನ್ನುಗಳನ್ನು ಡಬ್ಬಿಗೆ ಹಾಕಿದೆ. ಅಂಟಿದ ಗ್ಯಾಸ್ಕೆಟ್ ಕೀಳಲು ಸ್ಕ್ರೂಡ್ರೈವರ್ ಮುಟ್ಟಬೇಡಿ, ಗೀರಿದಲ್ಲಿ ಮತ್ತೆ ಸೋರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಬ್ಲೇಡು ಮಲಗಿಸಿ ಕೆರೆದರೆ ಸಾಕು. ಬೋಲ್ಟ್ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಬೋಲ್ಟು ಬಿಗಿಯಾದ ಹಾಗೆ ಕಾಣುತ್ತದೆ, ಹೆಡ್ ಮಾತ್ರ ಕೂತಿರುವುದಿಲ್ಲ.

ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ನೋಡಿದರೆ ಕೆಳಗೆ ಸಂದಿ ಅಳೆಯುವ 0.15 ಮಿ.ಮೀ. ತೆಳು ತಗಡು, ಅಂದರೆ ಫೀಲರ್, ಸಲೀಸಾಗಿ ನುಗ್ಗಿತು. 0.10 ದಾಟಬಾರದು. ಲೇತಿನವರ ಹತ್ತಿರ ಹೋಗಲಿಲ್ಲ. ದಪ್ಪ ಗಾಜಿನ ತುಂಡಿಗೆ ವಾಟರ್ ಪೇಪರ್ ಹಾಸಿ, ಸೀಮೆಎಣ್ಣೆ ಬಿಟ್ಟು, ಹೆಡ್ಡನ್ನು ಎಂಟರ ಆಕಾರದಲ್ಲಿ ತಿಕ್ಕಿದೆ. ಮೊದಮೊದಲು ಅಂಚು ಮಾತ್ರ ಬೆಳ್ಳಗಾಗುತ್ತದೆ, ನಡುವೆ ಮಾಸಲು ಬಣ್ಣ ಹಾಗೇ ಉಳಿಯುತ್ತದೆ. ಕೈಗೆ ಭಾರ ಹಾಕಿದರೆ ಓರೆಯಾಗುತ್ತದೆ; ಹೆಡ್ಡಿನ ತೂಕವೇ ಸಾಕು. ಮುಕ್ಕಾಲು ಗಂಟೆ ಹಿಡಿಯಿತು, ಇಡೀ ಮುಖ ಒಂದೇ ಬಣ್ಣಕ್ಕೆ ಬಂತು. ಆಮೇಲೆ ಚೆನ್ನಾಗಿ ತೊಳೆಯಬೇಕು, ಒಂದು ಕಣ ಉಳಿದರೂ ಸಿಲಿಂಡರನ್ನು ತಿನ್ನುತ್ತದೆ.

ಹೊಸ ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸುತ್ತೇನೆ. ಅನಾಬಾಂಡ್, ಶೆಲ್ಯಾಕ್‌ನಂಥ ಅಂಟು ಬಳಿಯುವ ಚಟ ನನಗೆ ಹಿಡಿಸದು. ಈ ನಮೂನೆಯ ಎಂಜಿನ್‌ಗೆ ಹೆಡ್ ಬೋಲ್ಟಿನ ಬಿಗಿ 24 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ ಒಂದು ಉಪಾಯ: ಬೋಲ್ಟಿನ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಸ್ಪ್ಯಾನರಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ನೇರ ಅಡ್ಡಕ್ಕೆ ಎಳೆಯಿರಿ, 12 ಕೆ.ಜಿ. ತೋರಿಸಿದಾಗ ನಿಲ್ಲಿಸಿ. ಒಂದೇ ಏಟಿಗಲ್ಲ, 4, 8, 12 ಎಂದು ಮೂರು ಸುತ್ತು, ಎದುರು ಬದುರು ಬೋಲ್ಟಿಗೆ. ನಂತರ ಟ್ಯಾಪೆಟ್, ಅಂದರೆ ವಾಲ್ವಿಗೆ ಬಿಡುವ ಸಂದಿ: ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ., ಎಂಜಿನ್ ತಣ್ಣಗಿರುವಾಗ.

ಅರ್ಧ ಗಂಟೆ ಓಡಿಸಿ ನೋಡಿದೆ. ಸದ್ದಿಲ್ಲ. ಮರುದಿನ ತಣ್ಣಗಾದ ಮೇಲೆ ಟ್ಯಾಪೆಟ್ ಇನ್ನೊಮ್ಮೆ ನೋಡಿ, ಸಾಬೂನು ನೀರು ಹಚ್ಚಿ ಹಗ್ಗ ಎಳೆದೆ. ಗುಳ್ಳೆ ಇಲ್ಲ. ಒಯ್ಯಲು ಬಂದವರಿಗೆ, ಇನ್ನು ಗೋಣಿ ಮುಚ್ಚಿ ನೆಲದ ಮೇಲೆ ಇಡಬೇಡಿ, ಇಲಿ ಸೇರುತ್ತದೆ ಎಂದೆ.

"ಬೆಕ್ಕು ಸಾಕಿದೀವಲ್ಲ!" ಎಂದರು.