ಅಲ್ಲಾಡುವ ಲೆನ್ಸ್‌ಗಳೆಲ್ಲ ಕೆಟ್ಟಿರುವುದಿಲ್ಲ

ಕ್ಯಾಮೆರಾ ಲೆನ್ಸ್ ರಿಪೇರಿಗೆ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ಒಂದು ಕೈಯಲ್ಲಿ ಕ್ಯಾಮೆರಾದ ಬಾಡಿ, ಇನ್ನೊಂದರಲ್ಲಿ ಲೆನ್ಸ್ ಹಿಡಿದು ಆ ಕಡೆ ಈ ಕಡೆ ತಿರುಚಿ ತೋರಿಸುತ್ತಾರೆ. "ನೋಡಿ ಸಾರ್, ಅಲ್ಲಾಡ್ತಿದೆ." ಹೌದು, ಅಲ್ಲಾಡುತ್ತಿದೆ. ನನ್ನದೂ ಅಲ್ಲಾಡುತ್ತದೆ. ಫೋಟೊ ಹೇಗೆ ಬರ್ತಿದೆ ಅಂತ ಕೇಳಿದರೆ, "ಫೋಟೊ ಚೆನ್ನಾಗೇ ಬರ್ತಿದೆ ಸಾರ್, ಆದ್ರೂ..." ಆ "ಆದ್ರೂ" ಆದಮೇಲೆ ಹೇಳೋದಕ್ಕೆ ಏನೂ ಇರುವುದಿಲ್ಲ.

ಲೆನ್ಸ್ ಹಾಕಿ ತಿರುಗಿಸಿದಾಗ ಟಕ್ ಅಂತ ಲಾಕ್ ಆಗುತ್ತದೆ ಅಲ್ವಾ? ಬಾಡಿಯಲ್ಲಿರುವ ಸಣ್ಣ ಪಿನ್ ಲೆನ್ಸಿನ ಹಿಂಭಾಗದ ತೂತಿನೊಳಗೆ ಕೂತ ಸದ್ದು ಅದು. ಆ ತೂತು ಪಿನ್ನಿಗಿಂತ ಒಂಚೂರು ದೊಡ್ಡದಿರಲೇಬೇಕು. ಇಲ್ಲದಿದ್ದರೆ ಪಿನ್ ಒಳಗೆ ಹೋಗುವುದೇ ಇಲ್ಲ, ಹೋದರೆ ವಾಪಸ್ ಬರುವುದಿಲ್ಲ. ಲೆನ್ಸ್ ಬಾಡಿಗೆ ಕೂರುವ ಈ ಜೋಡಣೆಗೆ ಮೌಂಟ್ ಅಂತಾರೆ. ನಿಕಾನ್ ಕಂಪನಿಯ ಎಫ್ ಮೌಂಟ್ ಶುರುವಾಗಿದ್ದು 1959ರಲ್ಲಿ. 1977ರ ಎಐ ಅನ್ನುವ ಮಾದರಿಯ ಲೆನ್ಸನ್ನು 2017ರಲ್ಲಿ ಬಂದ ಡಿ850 ಕ್ಯಾಮೆರಾಕ್ಕೂ ಹಾಕಬಹುದು. ನಲವತ್ತು ವರ್ಷದ ಅಂತರದಲ್ಲಿ ತಯಾರಾದ ಎರಡು ವಸ್ತು ಒಂದಕ್ಕೊಂದು ಕೂರಬೇಕು ಅಂದರೆ ಎಲ್ಲೋ ಒಂದು ಕಡೆ ಸಡಿಲ ಬಿಡಲೇಬೇಕು. ಅದನ್ನು ತಿರುಗುವ ದಿಕ್ಕಿನಲ್ಲಿ ಬಿಟ್ಟಿದ್ದಾರೆ. ಅಲ್ಲಿ ಬಿಟ್ಟರೆ ನಷ್ಟವಿಲ್ಲ.

ಯಾಕೆ ನಷ್ಟವಿಲ್ಲ ಅನ್ನುವುದನ್ನು ಎಷ್ಟು ಸಲ ಹೇಳಿದರೂ ತಲೆಗೆ ಇಳಿಯುವುದಿಲ್ಲ, ಹಾಗಾಗಿ ಇನ್ನೊಮ್ಮೆ. ಲೆನ್ಸಿನ ಗಾಜು ದುಂಡಗಿದೆ. ದುಂಡಗಿನ ಗಾಜು ಇದ್ದಲ್ಲೇ ಒಂಚೂರು ತಿರುಗಿದರೆ ಬೆಳಕಿಗೆ ಅದು ಗೊತ್ತೇ ಆಗುವುದಿಲ್ಲ. ಫೋಕಸ್‌ಗೆ ಮುಖ್ಯವಾದದ್ದು ಮೌಂಟಿನಿಂದ, ಚಿತ್ರ ಹಿಡಿಯುವ ಸೆನ್ಸರಿಗೆ ಇರುವ ದೂರ. ನಿಕಾನ್ ಎಫ್‌ನಲ್ಲಿ ಅದು 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44. ಈ ದೂರ ಕಾಯುವುದು ಪಿನ್ನಿನ ಕೆಲಸ ಅಲ್ಲ. ಬಾಡಿಯ ಮೌಂಟ್ ರಿಂಗಿನ ಹಿಂದೆ ತೆಳು ಪಟ್ಟಿಯ ಸ್ಪ್ರಿಂಗುಗಳಿರುತ್ತವೆ. ಅವು ಲೆನ್ಸನ್ನು ಹಿಂದಕ್ಕೆ ಎಳೆದು, ಎರಡು ರಿಂಗುಗಳ ಮಧ್ಯೆ ಸಂದು ಬಾರದ ಹಾಗೆ ಒತ್ತಿ ಹಿಡಿದಿರುತ್ತವೆ. ತಿರುಗುವುದು ಬೇರೆ, ವಾಲುವುದು ಬೇರೆ. ನೀವು ನೋಡಬೇಕಾದದ್ದು ವಾಲುತ್ತದಾ ಅಂತ. ಲೆನ್ಸಿನ ಮೂತಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಒತ್ತಿ. ಮೌಂಟ್ ಹತ್ತಿರ ಸಂದು ತೆರೆದು ಮುಚ್ಚಿದರೆ ಆಗ ಬನ್ನಿ. (ಭಾರದ ಲೆನ್ಸಿಗೆ ಜೋರು ಹಾಕಿದರೆ ಸ್ಪ್ರಿಂಗ್ ಸ್ವಲ್ಪ ಬಿಟ್ಟುಕೊಡುತ್ತದೆ, ಮೆಲ್ಲಗೆ ಅಂದಿದ್ದು ಅದಕ್ಕೇ.) ಬರುವ ಮೊದಲು ಅದೇ ಕ್ಯಾಮೆರಾ ಬಾಡಿಗೆ ಇನ್ನೊಂದು ಲೆನ್ಸ್ ಹಾಕಿ ನೋಡಿ. ಅದೂ ವಾಲಿದರೆ ತಪ್ಪು ಬಾಡಿಯದ್ದು.

ಇನ್ನು ಝೂಮ್ ಮಾಡಿದಾಗ ಹೊರಗೆ ಬರುವ ಬ್ಯಾರೆಲ್. 18-55, 18-140, 18-200 ಎಂಎಂ ಥರದ ಝೂಮ್ ಲೆನ್ಸ್‌ಗಳಲ್ಲಿ ಅದು ಪೂರ್ತಿ ಹೊರಗೆ ಬಂದಾಗ ಬೆರಳಿಗೆ ಸಡಿಲ ಸಿಕ್ಕೇ ಸಿಗುತ್ತದೆ. ಒಳಗೆ ಓರೆಯಾಗಿ ಕೊರೆದ ಕಾಲುವೆಗಳಿವೆ, ಅವುಗಳಲ್ಲಿ ಸಣ್ಣ ರೋಲರ್‌ಗಳು ಓಡಬೇಕು. ಬಿಗಿ ಮಾಡಿದರೆ ಝೂಮ್ ತಿರುಗುವುದೇ ಇಲ್ಲ. ಇಲ್ಲಿ ಬುದ್ಧಿವಂತರು ಒಂದು ಪ್ರಶ್ನೆ ಕೇಳುತ್ತಾರೆ: ಎಫ್2.8ರಲ್ಲಿ, ಅಂದರೆ ಬೆಳಕಿನ ಕಿಂಡಿ (ಅಪರ್ಚರ್) ಅಗಲವಾಗಿದ್ದಾಗ, ಫೋಕಸ್ ಸರಿ ಇರಲು ಸೆನ್ಸರ್ ಹತ್ತಿರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ ಅವಕಾಶ ಅಂತಾರೆ, ಇಲ್ಲಿ ಅರ್ಧ ಮಿಲಿಮೀಟರ್ ಅಲ್ಲಾಡ್ತಿದೆಯಲ್ಲ? ಒಳ್ಳೆಯ ಪ್ರಶ್ನೆ. ಆದರೆ ಅದನ್ನು ಅಲ್ಲಾಡಿಸುತ್ತಿರುವುದು ನಿಮ್ಮ ಬೆರಳು. ಬಿಟ್ಟಾಗ ಅದು ತನ್ನ ಭಾರಕ್ಕೆ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಕೂರುತ್ತದೆ. ಜೊತೆಗೆ, ಮುಂದಿನ ಗಾಜು ಒಂಚೂರು ವಾಲಿದರೆ ಚಿತ್ರಕ್ಕೆ ಎಷ್ಟು ಪೆಟ್ಟು ಅನ್ನುವುದು ಲೆನ್ಸಿನಿಂದ ಲೆನ್ಸಿಗೆ ಬೇರೆ. ಬೆರಳಿನ ಅಂದಾಜಿನಲ್ಲಿ ನಾನೂ ಹೇಳಲಾರೆ.

ಒಬ್ಬ ಮದುವೆ ಫೋಟೊಗ್ರಾಫರ್ 24-70 ಝೂಮ್ ಲೆನ್ಸ್ ತಂದಿದ್ದರು. ಕೈಗೆ ಒಂದಿಷ್ಟೂ ಸಡಿಲ ಇಲ್ಲ, ಹೊಸದರ ಥರ ಗಟ್ಟಿ. ಆದರೆ ಸ್ಟೇಜ್ ಮೇಲಿನ ಗ್ರೂಪ್ ಫೋಟೊದಲ್ಲಿ ಎಡಗಡೆ ನಿಂತ ಮಾವಂದಿರ ಮೀಸೆ ಎಣಿಸಬಹುದಿತ್ತು, ಬಲಗಡೆಯ ಅತ್ತೆಯಂದಿರ ಮುಖವೆಲ್ಲ ಮಸುಕು. ಪ್ರತಿ ಮದುವೆಯಲ್ಲೂ ಬಲಗಡೆಯವರೇ ಅಲ್ಲಾಡಿದ್ದಾರೆ ಅಂದುಕೊಂಡಿದ್ದರಂತೆ ಪಾಪ. ಬಿಚ್ಚಿ ನೋಡಿದರೆ ಒಳಗಿನ ಒಂದು ರೋಲರ್ ಒಡೆದು, ಒಂದು ಗಾಜಿನ ಗ್ರೂಪ್ ಓರೆಯಾಗಿ ಕೂತುಬಿಟ್ಟಿತ್ತು. ಕೂತಿದ್ದರಿಂದಲೇ ಅಷ್ಟು ಗಟ್ಟಿ! ಬಿದ್ದಿತ್ತಾ ಅಂದರೆ "ಇಲ್ಲ ಸಾರ್" ಅಂದರು. ಆಮೇಲೆ ನಿಧಾನಕ್ಕೆ, "ಬ್ಯಾಗ್ ಒಂದ್ಸಲ ಬಿದ್ದಿತ್ತು, ಲೆನ್ಸ್ ಬಿದ್ದಿಲ್ಲ" ಅಂದರು. ಲೆನ್ಸ್ ಬ್ಯಾಗಿನೊಳಗೇ ಇತ್ತಂತೆ.

ಹಾಗಾಗಿ ಚಿತ್ರದಲ್ಲೇ ಪರೀಕ್ಷೆ ಮಾಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ನಡುಕ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಹಾಕಿ, ಇಟ್ಟಿಗೆ ಗೋಡೆಯೊಂದನ್ನು ನೇರ ಎದುರಿನಿಂದ ತೆಗೆಯಿರಿ. ಅಪರ್ಚರ್ ಪೂರ್ತಿ ತೆರೆದಿರಲಿ. ಎಫ್8ಕ್ಕೆ ಕಿರಿದು ಮಾಡಿದರೆ ಎಷ್ಟೋ ದೋಷ ಮುಚ್ಚಿಹೋಗುತ್ತದೆ. ಝೂಮ್ ಆದರೆ ಶುರು, ಮಧ್ಯ, ಕೊನೆ ಮೂರು ಕಡೆಯೂ ತೆಗೆಯಿರಿ. ನಾಲ್ಕು ಮೂಲೆ ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಥರ ಮಂಕಾಗಿದ್ದರೆ ಅದು ಆ ಲೆನ್ಸಿನ ಗುಣ, ರಿಪೇರಿ ಮಾಡಿದರೂ ಹೋಗುವುದಿಲ್ಲ. ಒಂದೇ ಮೂಲೆ ಅಥವಾ ಒಂದೇ ಬದಿ ಮಂಕಾಗಿದ್ದರೆ ಅನುಮಾನ ಪಡಿ. ತಕ್ಷಣ ಓಡಿಬರಬೇಡಿ. ಕ್ಯಾಮೆರಾ ತಲೆಕೆಳಗೆ ಮಾಡಿ ಇನ್ನೊಂದು ತೆಗೆಯಿರಿ. ಈಗ ಗೋಡೆಯ ಅದೇ ಭಾಗ ಮಂಕಾಗಿದ್ದರೆ ನೀವು ಗೋಡೆಗೆ ನೇರವಾಗಿ ನಿಂತಿಲ್ಲ ಅಷ್ಟೆ. ಗೋಡೆಯ ಎದುರು ಬದಿ ಮಂಕಾದರೆ ತಪ್ಪು ಬಹುತೇಕ ಲೆನ್ಸಿನದ್ದೇ.

ಸದ್ದಿನ ವಿಷಯವೂ ಹೀಗೇ. ಕ್ಯಾಮೆರಾ ಆಫ್ ಇದ್ದಾಗ ಐಎಸ್, ವಿಆರ್ ಅನ್ನುವ ಸ್ಟೆಬಿಲೈಸೇಶನ್ ಇರುವ ಲೆನ್ಸ್ ಅಲ್ಲಾಡಿಸಿದರೆ ಒಳಗೆ ಕಡಕಡ ಅನ್ನಬಹುದು. ನಡುಕ ತಡೆಯುವ ಗಾಜು ಅಲ್ಲಿ ತೇಲುತ್ತಿರುತ್ತದೆ. ಫ್ಯೂಜಿಯ 90 ಎಂಎಂ ಎಫ್2 ಲೆನ್ಸನ್ನು ಆಫ್ ಮಾಡಿ ಓರೆ ಮಾಡಿದರೆ ದೊಡ್ಡದಾಗೇ ದಡಕ್ ಅನ್ನುತ್ತದೆ, ಹೊಸದೂ ಅಷ್ಟೆ. ಆನ್ ಮಾಡಿದಾಗ ನಿಂತರೆ ಚಿಂತೆ ಬೇಡ. ಸಣ್ಣ ಲೋಹದ ಚೂರು ಉರುಳಿದ ಹಾಗೆ ಟಿಣ್ ಟಿಣ್ ಸದ್ದು ಬಂದರೆ ಮಾತ್ರ ಝೂಮ್ ತಿರುಗಿಸುವುದನ್ನೂ ನಿಲ್ಲಿಸಿ. ಎಲ್ಲೋ ಸ್ಕ್ರೂ ಬಿಟ್ಟಿರಬಹುದು, ಅದು ಗಾಜಿನ ಮೇಲೆ ಅಥವಾ ಒಳಗಿನ ತೆಳು ಫ್ಲೆಕ್ಸ್ ಕೇಬಲ್ ಮೇಲೆ ಓಡಾಡಬಾರದು. ಝೂಮ್ ಒಂದೇ ಜಾಗದಲ್ಲಿ ಕಚ್ಚಿಕೊಳ್ಳುವುದು, ಲೆನ್ಸ್ ಮುಟ್ಟಿದಾಗಲೆಲ್ಲ ಎರರ್ ಬರುವುದು, ನಿನ್ನೆ ಇಲ್ಲದ ಸಡಿಲ ಇವತ್ತು ಕಾಣುವುದು, ಇವಕ್ಕೂ ತೋರಿಸಿ. ಝೂಮ್ ರಿಂಗಿನ ರಬ್ಬರ್ ಹಿಗ್ಗಿ ಸಡಿಲ ಆಗಿದ್ದರೆ ಅದು ಬರೀ ರಬ್ಬರ್, ಬದಲಾಯಿಸಿದರೆ ಆಯಿತು.

ದಯವಿಟ್ಟು ಫೆವಿಕ್ವಿಕ್ ಹಾಕಬೇಡಿ. ಆ ಅಂಟಿನ ಆವಿ ಹತ್ತಿರದ ಗಾಜಿನ ಮೇಲೆ ಬೆಳ್ಳಗೆ ಪೊರೆಯ ಹಾಗೆ ಕೂರುತ್ತದೆ, ಆಮೇಲೆ ಸಡಿಲ ಇತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಮನೆಯ ಸ್ಕ್ರೂಡ್ರೈವರಿನಲ್ಲಿ ಮೌಂಟ್ ಬಿಗಿ ಮಾಡಲೂ ಹೋಗಬೇಡಿ. ಜಪಾನಿನ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಜಪಾನಿನದ್ದೇ ಅಳತೆಯ ಜೆಐಎಸ್ ಸ್ಕ್ರೂ ಇರುತ್ತದೆ. ನೋಡಲು ಪ್ಲಸ್ ಗುರುತಿನ ಫಿಲಿಪ್ಸ್ ಥರವೇ, ಆದರೆ ಫಿಲಿಪ್ಸ್ ಡ್ರೈವರ್ ಜಾರಿ ತಲೆಯನ್ನು ತಿಂದುಹಾಕುತ್ತದೆ. ರಂಗನತಿಟ್ಟಿಗೆ 150-600 ಲೆನ್ಸ್ ಹೊತ್ತು ಹೋಗುವ ಹಕ್ಕಿಪ್ರಿಯರಿಗೂ ಒಂದು ಮಾತು. ಬೆಲ್ಟನ್ನು ಕ್ಯಾಮೆರಾ ಬಾಡಿಗೆ ಸಿಕ್ಕಿಸಿ ಎರಡು ಕಿಲೋ ಲೆನ್ಸ್ ನೇತಾಡಿಸಬೇಡಿ, ಲೆನ್ಸಿನ ಸುತ್ತ ಇರುವ ಬಳೆಯಂಥ ಕಾಲರ್‌ಗೇ ಸಿಕ್ಕಿಸಿ.

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಆದರೆ ಬಿಚ್ಚುವ ಮೊದಲೇ ರೇಟ್ ಕೇಳಿ, ಆ ದುಡ್ಡಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಇನ್ನೊಂದು ಸಿಗಬಹುದು. ರಿಪೇರಿಗೆ ತರುವಾಗ ಬಾಡಿಯನ್ನೂ ತನ್ನಿ. ಗೋಡೆಯ ಫೋಟೊಗಳು ಕಾರ್ಡಿನಲ್ಲೇ ಇರಲಿ, ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಅಲ್ಲಿ ಬಂದರೆ ಎಲ್ಲರ ಲೆನ್ಸೂ ನಾಲ್ಕು ಮೂಲೆಯಲ್ಲೂ ಮಂಕೇ.